ಮೇದೋಜೀರಕದ ಕಸಿ: ಪ್ರಾಣಿಗಳಿಂದ ನಾವು ಕಲಿತದ್ದೇನು?



ಭೀಮರಾಯನಗುಡಿಯ ನಮ್ಮ ಕಲಿಕಾ ಕೇಂದ್ರದಲ್ಲಿ ರಾತ್ರಿ ಪಾಠ ನಡೆದಿತ್ತು. ಒಬ್ಬ ತಾಯಿ ತಡವಾಗಿ ಬಂದಳು. ಪಾಟಿ ಹಿಡಿಯಲಿಲ್ಲ. ಸುಮ್ಮನೆ ಕುಳಿತಳು. ಪಾಠ ಮುಗಿದ ಮೇಲೆ ನಮ್ಮ ಹತ್ತಿರ ಬಂದಳು.

“ಅಕ್ಕೋರೆ, ಒಂದ್ ಮಾತು ಕೇಳಬೇಕಾಗ್ಯಾದ್ರಿ” ಎಂದಳು.

“ಕೇಳವ್ವ” ಎಂದೆವು.

“ನನ್ನ ಮಗಳಿಗಿ ಸಕ್ಕರಿ ಬ್ಯಾನಿ ಅದ. ದಿನಾ ಸೂಜಿ ಚುಚ್ಚತೀವಿ. ದೊಡ್ಡ ಊರಾಗ ಹೊಟ್ಟಿ ಕೊಯ್ದು ಹೊಸಾದು ಏನೋ ಕಸಿ ಮಾಡ್ತಾರಂತ. ಪ್ರಾಣಿದೂ ಹಾಕ್ತಾರಂತ. ಹಾಕಿದ್ರ ಸೂಜಿ ತಪ್ಪತದಂತ. ಖರೇ ಏನ್ರಿ? ಎರಡು ಎಕರೆ ಹೊಲ ಅದ. ಮಾರಿಬಿಡ್ಲೇನ್ರಿ?”

ಅವಳ ಮಗಳು ಏಳನೆಯ ತರಗತಿಯ ಹುಡುಗಿ. ಅವರ ಮನೆಗೆ ಆ ಹೊಲವೇ ಆಧಾರ.

ನಾವು ತಕ್ಷಣ ಉತ್ತರ ಹೇಳಲಿಲ್ಲ. ಡಾಕ್ಟರನ್ನು ಕೇಳಿದೆವು. ಪುಸ್ತಕ ಓದಿದೆವು. ತಿಳಿದದ್ದನ್ನು ಆ ತಾಯಿಗೆ ಹೇಳಿದೆವು. ಅದನ್ನೇ ಈಗ ನಿಮಗೂ ಹೇಳುತ್ತೇವೆ. ಬನ್ನಿ, ಓದೋಣ.

ಮೇದೋಜೀರಕ ಎಲ್ಲಿದೆ?

ನಮ್ಮ ಹೊಟ್ಟೆಯೊಳಗೆ ಜಠರ ಇದೆ. ಉಂಡ ಅನ್ನ, ರೊಟ್ಟಿ ಮೊದಲು ಅಲ್ಲಿಗೆ ಹೋಗುತ್ತದೆ. ಜಠರದ ಹಿಂದೆ ಒಂದು ಮೆತ್ತನೆಯ ಗ್ರಂಥಿ ಇದೆ. ಉದ್ದ ಒಂದು ಗೇಣಿಗಿಂತ ಕಡಿಮೆ. ತೂಕ ಸುಮಾರು 100 ಗ್ರಾಂ. ಇದರ ಹೆಸರು ಮೇದೋಜೀರಕ ಗ್ರಂಥಿ. ಆಸ್ಪತ್ರೆಯಲ್ಲಿ ಇದಕ್ಕೆ ಪ್ಯಾಂಕ್ರಿಯಾಸ್ ಅನ್ನುತ್ತಾರೆ. ಕುರಿ, ದನ, ನಾಯಿ, ಇಲಿಗಳಿಗೂ ಈ ಗ್ರಂಥಿ ಇದೆ.

ಇದಕ್ಕೆ ಎರಡು ಕೆಲಸ.

ಒಂದನೆಯ ಕೆಲಸ, ಜೀರ್ಣರಸ ತಯಾರಿಸುವುದು. ಈ ರಸ ಒಂದು ನಾಳದಲ್ಲಿ ಹರಿದು ಕರುಳಿಗೆ ಹೋಗುತ್ತದೆ. ಉಂಡದ್ದನ್ನು ಅರಗಿಸುತ್ತದೆ.

ಎರಡನೆಯ ಕೆಲಸ, ಇನ್ಸುಲಿನ್ ತಯಾರಿಸುವುದು. ಇದು ನಾಳದಲ್ಲಿ ಹೋಗುವುದಿಲ್ಲ. ನೇರವಾಗಿ ರಕ್ತಕ್ಕೆ ಸೇರುತ್ತದೆ.

ಇನ್ಸುಲಿನ್ ಏನು ಮಾಡುತ್ತದೆ? ನಮ್ಮೂರ ಕಾಲುವೆಯನ್ನೇ ನೆನೆಯಿರಿ. ನಾರಾಯಣಪುರ ಜಲಾಶಯದ ನೀರು ಕಾಲುವೆಯಲ್ಲಿ ತುಂಬಿ ಹರಿಯುತ್ತದೆ. ಆದರೆ ಹೊಲದ ತೂಬು ಮುಚ್ಚಿದೆ. ಆಗ ಏನಾಗುತ್ತದೆ? ಕಾಲುವೆ ತುಂಬಿದ್ದರೂ ಬೆಳೆ ಒಣಗುತ್ತದೆ. ರಕ್ತ ಕಾಲುವೆ ಇದ್ದಂತೆ. ಅದರಲ್ಲಿನ ಸಕ್ಕರೆ ನೀರು ಇದ್ದಂತೆ. ದೇಹದ ಜೀವಕೋಶಗಳು ಹೊಲ ಇದ್ದಂತೆ. ಇನ್ಸುಲಿನ್ ತೂಬು ತೆರೆಯುವವನು ಇದ್ದಂತೆ. ಅವನು ಬಾರದಿದ್ದರೆ ಸಕ್ಕರೆ ರಕ್ತದಲ್ಲೇ ನಿಲ್ಲುತ್ತದೆ. ಮೈಗೆ ಸಿಗುವುದಿಲ್ಲ. ಹೆಚ್ಚಾದ ಸಕ್ಕರೆ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಮನುಷ್ಯ ಉಂಡರೂ ಸೊರಗುತ್ತಾನೆ.

ಹಿಂದಿನ ವೈದ್ಯರು ಇದನ್ನು ‘ಮಧುಮೇಹ’ ಎಂದರು. ಮಧು ಅಂದ್ರೆ ಜೇನು. ಮೂತ್ರ ಸಿಹಿಯಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಆದರೆ ಯಾವ ಅಂಗ ಕೆಟ್ಟು ಹೀಗಾಗುತ್ತದೆ ಎಂದು ಗೊತ್ತಿರಲಿಲ್ಲ. ಅದು ತಿಳಿದದ್ದು ಪ್ರಾಣಿಗಳಿಂದ.

ನಾಯಿಯಿಂದ ತಿಳಿದ ಗುಟ್ಟು

1889ನೇ ಇಸವಿ. ಸ್ಟ್ರಾಸ್‌ಬರ್ಗ್ ಎಂಬ ಊರು. ಆಗ ಅದು ಜರ್ಮನಿಯಲ್ಲಿತ್ತು, ಈಗ ಫ್ರಾನ್ಸ್ ದೇಶದಲ್ಲಿದೆ. ಅಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೇರಿಂಗ್ ಎಂಬ ಇಬ್ಬರು ವೈದ್ಯರಿದ್ದರು. ಅವರು ಒಂದು ನಾಯಿಯ ಮೇದೋಜೀರಕವನ್ನು ಪೂರ್ತಿ ತೆಗೆದರು.

ನಾಯಿ ಬದುಕಿತು. ಆದರೆ ಅದಕ್ಕೆ ಬಾಯಾರಿಕೆ ಹೆಚ್ಚಾಯಿತು. ಮೇಲಿಂದ ಮೇಲೆ ಮೂತ್ರ ಮಾಡತೊಡಗಿತು. ಮೂತ್ರ ಪರೀಕ್ಷಿಸಿದರು. ಅದರಲ್ಲಿ ಸಕ್ಕರೆ ಇತ್ತು! ನಾಯಿಗೆ ಸಕ್ಕರೆ ಕಾಯಿಲೆ ಬಂದಿತ್ತು.

ಮೇದೋಜೀರಕ ಹೋದರೆ ಸಕ್ಕರೆ ಕಾಯಿಲೆ ಬರುತ್ತದೆ. ಇಷ್ಟು ಗೊತ್ತಾಯಿತು. ಆದರೆ ಯಾಕೆ ಬರುತ್ತದೆ? ಜೀರ್ಣರಸ ಕರುಳಿಗೆ ಹೋಗದ ಕಾರಣ ಬರುತ್ತದೆಯೇ? ಅಥವಾ ಬೇರೆ ಏನಾದರೂ ಇದೆಯೇ?

ಇದನ್ನು ತಿಳಿಯಲು ಅವರು ಕಸಿ ಮಾಡಿ ನೋಡಿದರು. 1892ರ ಹೊತ್ತಿಗೆ ಮಿಂಕೋವ್‌ಸ್ಕಿ ಈ ಪ್ರಯೋಗ ಮಾಡಿದರು. ಫ್ರಾನ್ಸಿನ ಎಡೋನ್ ಎಂಬ ವೈದ್ಯರೂ ಮಾಡಿದರು. ನಾಯಿಯ ಮೇದೋಜೀರಕದ ಒಂದು ತುಣುಕನ್ನು ಅದೇ ನಾಯಿಯ ಹೊಟ್ಟೆಯ ಚರ್ಮದ ಕೆಳಗೆ ಕೂಡಿಸಿದರು. ಅದು ಅಲ್ಲಿ ಹತ್ತಿಕೊಂಡಿತು. ಆಮೇಲೆ ಉಳಿದ ಮೇದೋಜೀರಕವನ್ನೆಲ್ಲ ತೆಗೆದರು.

ಏನಾಯಿತು ಗೊತ್ತೇ? ನಾಯಿಗೆ ಸಕ್ಕರೆ ಕಾಯಿಲೆ ಬರಲಿಲ್ಲ!

ಸ್ವಲ್ಪ ದಿನ ಬಿಟ್ಟು ಚರ್ಮದ ಕೆಳಗಿನ ಆ ತುಣುಕನ್ನೂ ತೆಗೆದರು. ಕೂಡಲೇ ಕಾಯಿಲೆ ಬಂತು.

ಯೋಚನೆ ಮಾಡಿ. ಚರ್ಮದ ಕೆಳಗಿನ ತುಣುಕಿಗೆ ಕರುಳಿನ ಸಂಪರ್ಕವೇ ಇರಲಿಲ್ಲ. ಅದರ ರಸ ಕರುಳಿಗೆ ಹೋಗುವಂತಿರಲಿಲ್ಲ. ಆದರೂ ಅದು ನಾಯಿಯನ್ನು ಕಾಯಿತು. ಅಂದ್ರೆ ಮೇದೋಜೀರಕ ರಕ್ತಕ್ಕೆ ಏನನ್ನೋ ಕೊಡುತ್ತದೆ. ಆ ‘ಏನೋ’ ಸಕ್ಕರೆಯನ್ನು ಹತೋಟಿಯಲ್ಲಿ ಇಡುತ್ತದೆ. ಈ ಗುಟ್ಟನ್ನು ತಿಳಿಸಿದ್ದೇ ಕಸಿ.

ಕುರಿಯ ತುಣುಕು

ಒಂದು ತುಣುಕು ಸಾಕು ಎಂದ ಮೇಲೆ, ರೋಗಿಗೂ ಒಂದು ತುಣುಕು ಕೂಡಿಸಬಾರದೇಕೆ? ಹೀಗೆ ಯೋಚಿಸಿದವರು ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ವೈದ್ಯರು. ಹೆಸರು ವಾಟ್ಸನ್ ವಿಲಿಯಮ್ಸ್.

1893ರ ಡಿಸೆಂಬರ್ ತಿಂಗಳು. ಅವರ ಬಳಿ 15 ವರ್ಷದ ಒಬ್ಬ ಹುಡುಗನಿದ್ದ. ಸಕ್ಕರೆ ಕಾಯಿಲೆಯಿಂದ ಸಾಯುವ ಸ್ಥಿತಿಗೆ ಬಂದಿದ್ದ. ಆಗ ಈ ರೋಗಕ್ಕೆ ಔಷಧವೇ ಇರಲಿಲ್ಲ. ವೈದ್ಯರು ಆಗಷ್ಟೇ ಕೊಯ್ದ ಕುರಿಯ ಮೇದೋಜೀರಕ ತಂದರು. ಅದರ ತುಣುಕುಗಳನ್ನು ಹುಡುಗನ ಚರ್ಮದ ಕೆಳಗೆ ಇಟ್ಟು ಹೊಲಿದರು.

ಹುಡುಗ ಉಳಿಯಲಿಲ್ಲ. ಮೂರು ದಿನಕ್ಕೆ ತೀರಿಕೊಂಡ.

ನಾಯಿಯಲ್ಲಿ ಕೆಲಸ ಮಾಡಿದ ಕಸಿ ಹುಡುಗನಲ್ಲಿ ಯಾಕೆ ಮಾಡಲಿಲ್ಲ? ಕಾರಣ ನೋಡಿ. ನಾಯಿಗೆ ಕೂಡಿಸಿದ್ದು ಅದರದೇ ತುಣುಕು. ಹುಡುಗನಿಗೆ ಕೂಡಿಸಿದ್ದು ಕುರಿಯ ತುಣುಕು. ಅದಕ್ಕೆ ರಕ್ತನಾಳದ ಜೋಡಣೆಯೂ ಇರಲಿಲ್ಲ.

ದೇಹ ಯಾಕೆ ಒಪ್ಪುವುದಿಲ್ಲ?

ನಾವು ಗಿಡಕ್ಕೆ ಕಸಿ ಕಟ್ಟುತ್ತೇವೆ. ಒಂದು ಮಾವಿನ ಸಸಿಗೆ ಇನ್ನೊಂದು ಒಳ್ಳೆಯ ಮಾವಿನ ಟೊಂಗೆ ಕೂಡಿಸುತ್ತೇವೆ. ಅದು ಹತ್ತಿಕೊಂಡು ಚಿಗುರುತ್ತದೆ. ಒಂದು ಮಡಿಯ ಭತ್ತದ ಸಸಿಯನ್ನು ಬೇರೆ ಗದ್ದೆಯಲ್ಲಿ ನಾಟಿ ಮಾಡುತ್ತೇವೆ. ನೆಲ ಅದನ್ನು ಬೇಡ ಎನ್ನುವುದಿಲ್ಲ.

ಆದರೆ ಮನುಷ್ಯರ ಮೈ ಹಾಗಲ್ಲ. ನಮ್ಮ ರಕ್ತದಲ್ಲಿ ಕಾವಲುಗಾರ ಕಣಗಳಿವೆ. ಇವು ಬಿಳಿ ರಕ್ತಕಣಗಳು. ಹೊರಗಿನ ರೋಗಾಣು ಒಳಗೆ ಬಂದರೆ ಕೊಲ್ಲುತ್ತವೆ. ಇದು ಒಳ್ಳೆಯದೇ. ಆದರೆ ಬೇರೆಯವರ ಅಂಗ ಕೂಡಿಸಿದರೂ ಇವು ಸುಮ್ಮನಿರುವುದಿಲ್ಲ. ‘ಇದು ನಮ್ಮದಲ್ಲ’ ಎಂದು ಅದರ ಮೇಲೆ ಬೀಳುತ್ತವೆ. ಅದನ್ನು ಹಾಳು ಮಾಡುತ್ತವೆ. ಪ್ರಾಣಿಯ ಅಂಗವಾದರೆ ಈ ದಾಳಿ ಇನ್ನೂ ಜೋರು.

ಇದನ್ನು ಸ್ಪಷ್ಟವಾಗಿ ತೋರಿಸಿದವರು ಇಂಗ್ಲೆಂಡಿನ ಪೀಟರ್ ಮೆಡಾವರ್. 1940ರ ದಶಕದಲ್ಲಿ ಅವರು ಮೊಲಗಳ ಚರ್ಮದ ಕಸಿ ಮಾಡಿದರು. ತನ್ನದೇ ಚರ್ಮವಾದರೆ ಮೊಲದ ಮೈ ಒಪ್ಪಿತು. ಬೇರೆ ಮೊಲದ ಚರ್ಮವಾದರೆ ಕೆಲವು ದಿನಗಳಲ್ಲಿ ಉದುರಿತು. ಅದೇ ಮೊಲದ ಚರ್ಮವನ್ನು ಎರಡನೆಯ ಸಲ ಕೂಡಿಸಿದರೆ ಇನ್ನೂ ಬೇಗ ಉದುರಿತು. ಮೈಯ ಕಾವಲುಗಾರರಿಗೆ ನೆನಪು ಇರುತ್ತದೆ! ಅಂಗಗಳ ಕಸಿಯ ಬಗ್ಗೆ ಮಾಡಿದ ಇಂಥ ಕೆಲಸಕ್ಕೆ ಮೆಡಾವರ್ ಅವರಿಗೆ 1960ರಲ್ಲಿ ನೊಬೆಲ್ ಬಹುಮಾನ ಬಂತು.

ದ್ವೀಪಗಳ ರಸ

ಇದಕ್ಕೂ ಮೊದಲೇ ಇನ್ನೊಂದು ದೊಡ್ಡ ಕೆಲಸ ಆಗಿತ್ತು. ಅಂಗವನ್ನು ಕೂಡಿಸಲು ಆಗದಿದ್ದರೆ ಬೇಡ. ಅದರೊಳಗಿನ ರಸವನ್ನಾದರೂ ತೆಗೆದು ಕೊಡಬಹುದಲ್ಲ?

ಮೇದೋಜೀರಕದಲ್ಲಿ ಸಣ್ಣ ಸಣ್ಣ ಗುಂಪುಗಳಾಗಿ ಕೆಲವು ಕಣಗಳಿವೆ. ಹೊಳೆಯ ನಡುವೆ ನಡುಗಡ್ಡೆಗಳು ಇರುತ್ತವಲ್ಲ, ಹಾಗೆ. ಇವನ್ನು ಮೊದಲು ಕಂಡವರು ಜರ್ಮನಿಯ ಪಾಲ್ ಲಾಂಗರ್‌ಹಾನ್ಸ್. 1869ರಲ್ಲಿ ಕಂಡರು. ಆಗ ಅವರಿನ್ನೂ 21 ವರ್ಷದ ವಿದ್ಯಾರ್ಥಿ. ಈ ಗುಂಪುಗಳಿಗೆ ಅವರ ಹೆಸರಿನಿಂದ ‘ಲಾಂಗರ್‌ಹಾನ್ಸ್ ದ್ವೀಪಗಳು’ ಎಂದು ಹೆಸರು ಬಂತು. ಒಬ್ಬ ಮನುಷ್ಯನಲ್ಲಿ ಇಂಥ ದ್ವೀಪಗಳು ಸುಮಾರು 10 ಲಕ್ಷ ಇವೆ. ಆದರೂ ಎಲ್ಲ ಕೂಡಿಸಿದರೆ ತೂಕ ಒಂದೆರಡು ಗ್ರಾಂ ಮಾತ್ರ. ಇನ್ಸುಲಿನ್ ತಯಾರಾಗುವುದು ಇಲ್ಲೇ.

1921ರ ಬೇಸಿಗೆ. ಕೆನಡಾ ದೇಶದ ಟೊರಾಂಟೊ ನಗರ. ಫ್ರೆಡರಿಕ್ ಬಾಂಟಿಂಗ್ ಎಂಬ ವೈದ್ಯ, ಚಾರ್ಲ್ಸ್ ಬೆಸ್ಟ್ ಎಂಬ ವಿದ್ಯಾರ್ಥಿ ಕೆಲಸಕ್ಕೆ ಕುಳಿತರು. ಪ್ರೊಫೆಸರ್ ಮ್ಯಾಕ್ಲಿಯೋಡ್ ಅವರ ಪ್ರಯೋಗಾಲಯ. ನಾಯಿಗಳ ಮೇದೋಜೀರಕ ತೆಗೆದರು. ಅವಕ್ಕೆ ಸಕ್ಕರೆ ಕಾಯಿಲೆ ಬಂತು. ಬೇರೆ ನಾಯಿಗಳ ಮೇದೋಜೀರಕದಿಂದ ರಸ ತೆಗೆದು ಅವಕ್ಕೆ ಚುಚ್ಚಿದರು. ರಕ್ತದ ಸಕ್ಕರೆ ಇಳಿಯಿತು! ಮಾರ್ಜರಿ ಎಂಬ ನಾಯಿ ಮೇದೋಜೀರಕ ಇಲ್ಲದೆ ಸುಮಾರು 70 ದಿನ ಬದುಕಿತು. ಎಷ್ಟೋ ನಾಯಿಗಳು ಸತ್ತವು.

ಆಮೇಲೆ ಕಸಾಯಿಖಾನೆಯಿಂದ ದನದ ಮೇದೋಜೀರಕ ತರಿಸಿದರು. ಅದರಿಂದ ರಸ ತೆಗೆದರು. 1922ರ ಜನವರಿ 11ರಂದು ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಹುಡುಗನಿಗೆ ಚುಚ್ಚಿದರು. ಅವನ ತೂಕ ಕೇವಲ 30 ಕಿಲೊದಷ್ಟು. ಮೊದಲ ಸಲ ಗುಣ ಬರಲಿಲ್ಲ. ರಸದಲ್ಲಿ ಕಸರು ಇತ್ತು. ಕಾಲಿಪ್ ಎಂಬ ವಿಜ್ಞಾನಿ ಅದನ್ನು ಶುದ್ಧ ಮಾಡಿದರು. ಜನವರಿ 23ರಂದು ಮತ್ತೆ ಚುಚ್ಚಿದರು. ಸಕ್ಕರೆ ಇಳಿಯಿತು. ಹುಡುಗ ಎದ್ದು ಕುಳಿತ. ಮುಂದೆ 13 ವರ್ಷ ಬದುಕಿದ.

ಹಿಂದೆ ಬ್ರಿಸ್ಟಲಿನ ಹುಡುಗ ಸತ್ತಿದ್ದ. ಈಗ ಟೊರಾಂಟೊದ ಹುಡುಗ ಬದುಕಿದ. ನಡುವೆ ಇದ್ದದ್ದು 28 ವರ್ಷ.

1923ರಲ್ಲಿ ಬಾಂಟಿಂಗ್ ಮತ್ತು ಮ್ಯಾಕ್ಲಿಯೋಡ್ ಅವರಿಗೆ ನೊಬೆಲ್ ಬಹುಮಾನ ಬಂತು. ಬಹುಮಾನದ ಹಣದಲ್ಲಿ ಬಾಂಟಿಂಗ್ ಅವರು ಬೆಸ್ಟ್‌ಗೆ ಪಾಲು ಕೊಟ್ಟರು. ಮ್ಯಾಕ್ಲಿಯೋಡ್ ಅವರು ಕಾಲಿಪ್‌ಗೆ ಪಾಲು ಕೊಟ್ಟರು. ಇನ್ಸುಲಿನ್ ಮಾಡುವ ಹಕ್ಕನ್ನು ವಿಶ್ವವಿದ್ಯಾಲಯಕ್ಕೆ ಒಂದೇ ಡಾಲರಿಗೆ ಬಿಟ್ಟುಕೊಟ್ಟರು. ಔಷಧ ಎಲ್ಲರಿಗೂ ಸಿಗಲಿ ಎಂದೇ ಹೀಗೆ ಮಾಡಿದರು.

ಬಹಳ ವರ್ಷ ದನ ಮತ್ತು ಹಂದಿಯ ಮೇದೋಜೀರಕದಿಂದಲೇ ಇನ್ಸುಲಿನ್ ತೆಗೆಯುತ್ತಿದ್ದರು. 1982ರಿಂದ ಮನುಷ್ಯರದೇ ತರಹದ ಇನ್ಸುಲಿನ್ ಬಂತು. ಅದನ್ನು ಸೂಕ್ಷ್ಮಜೀವಿಗಳಿಂದ ತಯಾರಿಸುತ್ತಾರೆ. ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿಯೂ 2004ರಲ್ಲಿ ಇಂಥ ಇನ್ಸುಲಿನ್ ಹೊರತಂದಿತು. ಅದನ್ನು ಒಂದು ಬಗೆಯ ಯೀಸ್ಟ್‌ನಿಂದ ಮಾಡುತ್ತಾರೆ. ಬ್ರೆಡ್ಡಿನ ಹಿಟ್ಟು ಉಬ್ಬಿಸುವ ಹುದುಗು ಇದೆಯಲ್ಲ, ಅದೂ ಯೀಸ್ಟೇ, ಆದರೆ ಬೇರೆ ಬಗೆಯದು. ಹೀಗಾಗಿ ಈಗ ಇನ್ಸುಲಿನ್‌ಗಾಗಿ ದನ, ಹಂದಿ ಕೊಯ್ಯಬೇಕಾಗಿಲ್ಲ.

ಮತ್ತೆ ಕಸಿಯ ಕಡೆಗೆ

ಇನ್ಸುಲಿನ್ ಜೀವ ಉಳಿಸಿತು. ಆದರೆ ದಿನಾ ಚುಚ್ಚಬೇಕು. ಊಟ ಎಷ್ಟು, ಕೆಲಸ ಎಷ್ಟು ಎಂದು ನೋಡಿ ಚುಚ್ಚಬೇಕು. ಮೇದೋಜೀರಕವಾದರೆ ಈ ಲೆಕ್ಕವನ್ನು ತಾನೇ ಮಾಡುತ್ತದೆ. ಹಾಗಾಗಿ ವೈದ್ಯರು ಕಸಿಯ ಆಸೆ ಬಿಡಲಿಲ್ಲ.

ಹೊಲಿದಿಟ್ಟ ತುಣುಕು ರಕ್ತ ಸಿಗದೆ ಸಾಯುತ್ತದೆ. ಅದಕ್ಕೆ ರಕ್ತನಾಳ ಜೋಡಿಸಬೇಕು. 1927ರಲ್ಲಿ ಫ್ರಾನ್ಸಿನಲ್ಲಿ ಹೀಗೆ ಮಾಡಿದರು. ಮೇದೋಜೀರಕ ಇಲ್ಲದ ನಾಯಿಯ ಕುತ್ತಿಗೆಯ ರಕ್ತನಾಳಕ್ಕೆ ಬೇರೆ ನಾಯಿಯ ಮೇದೋಜೀರಕ ಜೋಡಿಸಿದರು. ಸಕ್ಕರೆ ಇಳಿಯಿತು. ಆದರೆ ಇಂಥ ಕಸಿ ಬಹಳ ಕಾಲ ಬಾಳುತ್ತಿರಲಿಲ್ಲ. ಮೈಯ ಕಾವಲುಗಾರರು ಬಿಡುತ್ತಿರಲಿಲ್ಲ.

ಅಮೆರಿಕದ ಮಿನೆಸೋಟದಲ್ಲಿ ಲಿಲೆಹೈ ಎಂಬ ವೈದ್ಯರು ನಾಯಿಗಳಲ್ಲಿ ಈ ಕೆಲಸ ಕಲಿತರು. 1966ರ ಡಿಸೆಂಬರಿನಲ್ಲಿ ಕೆಲ್ಲಿ ಎಂಬ ವೈದ್ಯರ ಜೊತೆ ಸೇರಿ ಮನುಷ್ಯರಿಗೆ ಮಾಡಿದರು. ಒಬ್ಬ ಮಹಿಳೆಗೆ ಮೇದೋಜೀರಕವನ್ನೂ ಕಿಡ್ನಿಯನ್ನೂ ಕೂಡಿಸಿದರು. ಇದು ಮನುಷ್ಯರಲ್ಲಿ ಮೊದಲ ಮೇದೋಜೀರಕ ಕಸಿ. ಕೆಲವು ದಿನ ಆಕೆಗೆ ಇನ್ಸುಲಿನ್ ಬೇಕಾಗಲಿಲ್ಲ. ಆದರೆ ಕಸಿ ನಿಲ್ಲಲಿಲ್ಲ. ಆಕೆಯೂ ಬಹಳ ಕಾಲ ಬದುಕಲಿಲ್ಲ.

ಮುಂದೆ ಕಾವಲುಗಾರರನ್ನು ಹದ್ದಿನಲ್ಲಿ ಇಡುವ ಒಳ್ಳೆಯ ಔಷಧಗಳು ಬಂದವು. ಒಂದರ ಹೆಸರು ಸೈಕ್ಲೋಸ್ಪೋರಿನ್. ಮಣ್ಣಿನಲ್ಲಿರುವ ಒಂದು ಬಗೆಯ ಬೂಷ್ಟಿನಿಂದ ಸಿಕ್ಕಿತು. 1970ರ ದಶಕದಲ್ಲಿ ಇದನ್ನು ಮೊದಲು ಇಲಿಗಳಲ್ಲಿ ಪರೀಕ್ಷಿಸಿದರು. 1980ರ ದಶಕದಲ್ಲಿ ಮನುಷ್ಯರ ಕಸಿಗೆ ಬಳಕೆಗೆ ಬಂತು. ಆಮೇಲೆ ಕಸಿಗಳು ಹೆಚ್ಚು ಕಾಲ ಬಾಳತೊಡಗಿದವು.

ದ್ವೀಪಗಳನ್ನಷ್ಟೇ ಕೂಡಿಸಿದರೆ?

ಇಡೀ ಗ್ರಂಥಿ ಯಾಕೆ ಬೇಕು? ದ್ವೀಪಗಳಷ್ಟೇ ಸಾಕಲ್ಲ? ಅಮೆರಿಕದ ಪಾಲ್ ಲೇಸಿ ಹೀಗೆ ಯೋಚಿಸಿದರು. 1967ರಲ್ಲಿ ಇಲಿಯ ಮೇದೋಜೀರಕವನ್ನು ಒಂದು ರಸದಲ್ಲಿ ಕರಗಿಸಿ ದ್ವೀಪಗಳನ್ನು ಬೇರ್ಪಡಿಸಿದರು. ಹೊಟ್ಟಿನಿಂದ ಕಾಳು ಬೇರೆ ಮಾಡುತ್ತೇವಲ್ಲ, ಹಾಗೆ. 1972ರಲ್ಲಿ ಬ್ಯಾಲಿಂಜರ್ ಮತ್ತು ಲೇಸಿ ಆ ದ್ವೀಪಗಳನ್ನು ಸಕ್ಕರೆ ಕಾಯಿಲೆಯ ಇಲಿಗಳಿಗೆ ಕೂಡಿಸಿದರು. ಕಾಯಿಲೆ ಕಡಿಮೆಯಾಯಿತು. ಮರುವರ್ಷ ಇನ್ನೊಂದು ವಿಷಯ ತಿಳಿಯಿತು. ದ್ವೀಪಗಳನ್ನು ಪಿತ್ತಜನಕಾಂಗದೊಳಗೆ ಬಿಟ್ಟರೆ ಅವು ಚೆನ್ನಾಗಿ ನೆಲೆ ನಿಲ್ಲುತ್ತವೆ. ಪಿತ್ತಜನಕಾಂಗ ಅಂದ್ರೆ ಕುರಿ ಕೊಯ್ದಾಗ ‘ಕಲೇಜಿ’ ಅಂತೇವಲ್ಲ, ಅದು.

ಇದರ ಫಲ ಮನುಷ್ಯರಿಗೆ ಸಿಗಲು ಬಹಳ ವರ್ಷ ಹಿಡಿಯಿತು. 2000ನೇ ಇಸವಿಯಲ್ಲಿ ಕೆನಡಾದ ಎಡ್ಮಂಟನ್ ನಗರದ ವೈದ್ಯರು 7 ಜನ ರೋಗಿಗಳ ವರದಿ ಕೊಟ್ಟರು. ಸತ್ತ ದಾನಿಗಳ ಮೇದೋಜೀರಕದಿಂದ ದ್ವೀಪಗಳನ್ನು ತೆಗೆದು ರೋಗಿಗಳ ಪಿತ್ತಜನಕಾಂಗಕ್ಕೆ ಬಿಟ್ಟಿದ್ದರು. ಏಳೂ ಜನಕ್ಕೆ ಇನ್ಸುಲಿನ್ ಸೂಜಿ ತಪ್ಪಿತು. ಆದರೆ ಒಬ್ಬ ರೋಗಿಗೆ ಒಬ್ಬ ದಾನಿಯ ದ್ವೀಪಗಳು ಸಾಲುತ್ತಿರಲಿಲ್ಲ. ವರ್ಷಗಳು ಕಳೆದಂತೆ ಹಲವರಿಗೆ ಮತ್ತೆ ಸೂಜಿ ಬೇಕಾಯಿತು.

ಪ್ರಾಣಿಗಳಲ್ಲಿ ಪ್ರಯೋಗ ಈಗಲೂ ನಡೆದಿದೆ. 2006ರಲ್ಲಿ ಅಮೆರಿಕದ ವಿಜ್ಞಾನಿಗಳು ಹಂದಿಯ ದ್ವೀಪಗಳನ್ನು ಕೋತಿಗಳಿಗೆ ಕೂಡಿಸಿದರು. ಕೆಲವು ಕೋತಿಗಳು ತಿಂಗಳುಗಟ್ಟಲೆ ಇನ್ಸುಲಿನ್ ಇಲ್ಲದೆ ಇದ್ದವು. 2017ರಲ್ಲಿ ಜಪಾನಿನ ವಿಜ್ಞಾನಿಗಳ ತಂಡ ಇನ್ನೊಂದು ಸುದ್ದಿ ಕೊಟ್ಟಿತು. ಹೆಗ್ಗಣ ಜಾತಿಯ ದೊಡ್ಡ ಇಲಿಯ ಮೈಯಲ್ಲಿ ಸಣ್ಣ ಇಲಿಯ ಮೇದೋಜೀರಕ ಬೆಳೆಸಿದರು. ಅದರ ದ್ವೀಪಗಳನ್ನು ಸಕ್ಕರೆ ಕಾಯಿಲೆಯ ಸಣ್ಣ ಇಲಿಗಳಿಗೆ ಕೂಡಿಸಿದರು. ವರ್ಷದ ಮೇಲೂ ಆ ಇಲಿಗಳ ಸಕ್ಕರೆ ಸರಿಯಾಗಿತ್ತು.

ಕೇಳಲು ಆಶ್ಚರ್ಯ. ಆದರೆ ಇದು ಇಲಿಗಳ ಮಾತು. ಇಲಿಯಲ್ಲಿ ಆದದ್ದು ನಾಳೆಯೇ ನಮ್ಮ ಮಕ್ಕಳಿಗೆ ಸಿಗುತ್ತದೆ ಎಂದು ತಿಳಿಯಬಾರದು. ದ್ವೀಪಗಳ ಕಸಿ ಇಲಿಯಿಂದ ಎಡ್ಮಂಟನ್‌ಗೆ ಬರಲು 28 ವರ್ಷ ಬೇಕಾಯಿತು.

ಪ್ರಾಣಿಗಳ ಋಣ

ಈ ಪಾಠ ಓದುವಾಗ ನಮ್ಮ ಕೇಂದ್ರದಲ್ಲಿ ಒಬ್ಬ ಮುದುಕಿ ಕೇಳಿದಳು: “ಆ ಮೂಕ ನಾಯಿಗೋಳು ಏನ್ ಪಾಪ ಮಾಡಿದ್ವು ಯವ್ವಾ?”

ಒಳ್ಳೆಯ ಪ್ರಶ್ನೆ. ಅವು ಏನೂ ಪಾಪ ಮಾಡಿರಲಿಲ್ಲ. ಅವುಗಳ ಸಂಕಟದಿಂದ ಲಕ್ಷಾಂತರ ಮಕ್ಕಳು ಉಳಿದರು. ಇದು ದೊಡ್ಡ ಋಣ. ಅದನ್ನು ಮರೆಯಬಾರದು. ನಮ್ಮ ದೇಶದಲ್ಲಿ 1960ರಲ್ಲಿ ಪ್ರಾಣಿ ಹಿಂಸೆ ತಡೆಯುವ ಕಾಯ್ದೆ ಬಂತು. ಪ್ರಯೋಗಗಳ ಮೇಲೆ ಕಣ್ಣಿಡಲು ಸರ್ಕಾರದ ಸಮಿತಿ ಇದೆ. ಸುಮ್ಮಸುಮ್ಮನೆ ನೋವು ಕೊಡುವಂತಿಲ್ಲ. ಬೇರೆ ದಾರಿ ಇದ್ದರೆ ಆ ದಾರಿಯನ್ನೇ ಹಿಡಿಯಬೇಕು.

ಹೊಲ ಮಾರಬೇಕೆ?

ಈಗ ಆ ತಾಯಿಯ ಪ್ರಶ್ನೆಗೆ ಬರೋಣ.

ಪ್ರಾಣಿಯ ಮೇದೋಜೀರಕ ಹಾಕುತ್ತಾರೆ ಎಂಬುದು ನಿಜವೇ? ಅಲ್ಲ. ಅದು ಇನ್ನೂ ಪ್ರಯೋಗದಲ್ಲಿದೆ. ಆಸ್ಪತ್ರೆಗಳಲ್ಲಿ ಕೊಡುವ ಚಿಕಿತ್ಸೆ ಅಲ್ಲ. ಹಾಗೆಂದು ಹೇಳಿ ಯಾರಾದರೂ ಹಣ ಕೇಳಿದರೆ ಕೊಡಬೇಡಿ.

ಮನುಷ್ಯರ ಮೇದೋಜೀರಕದ ಕಸಿ ನಿಜವೇ? ನಿಜ. ನಮ್ಮ ದೇಶದ ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ಮಾಡುತ್ತಾರೆ. ಆದರೆ ಎಲ್ಲರಿಗೂ ಅಲ್ಲ. ಹೆಚ್ಚಾಗಿ ಕಿಡ್ನಿಯೂ ಕೆಟ್ಟವರಿಗೆ, ಕಿಡ್ನಿಯ ಜೊತೆಗೆ ಮಾಡುತ್ತಾರೆ. ಕಸಿ ಆದ ಮೇಲೆ ಕಾವಲುಗಾರರನ್ನು ತಡೆಯುವ ಗುಳಿಗೆಯನ್ನು ಕಸಿ ಇರುವವರೆಗೂ ನುಂಗಬೇಕು. ಕಾವಲು ಕಡಿಮೆಯಾದರೆ ಬೇರೆ ರೋಗಗಳು ಬೇಗ ತಗಲುತ್ತವೆ. ಸೂಜಿ ತಪ್ಪಿದರೂ ಗುಳಿಗೆ ತಪ್ಪುವುದಿಲ್ಲ. ಇನ್ಸುಲಿನ್‌ನಿಂದ ಚೆನ್ನಾಗಿರುವ ಮಗುವಿಗೆ ಸಾಮಾನ್ಯವಾಗಿ ಕಸಿ ಮಾಡುವುದಿಲ್ಲ.

ಅಂಗವನ್ನು ಕೊಳ್ಳಬಹುದೇ? ಇಲ್ಲ. 1994ರ ಕಾಯ್ದೆ ಪ್ರಕಾರ ಅಂಗ ಮಾರುವುದೂ ಅಪರಾಧ, ಕೊಳ್ಳುವುದೂ ಅಪರಾಧ. ದಾನ ಮಾತ್ರ ಮಾಡಬಹುದು. ಕರ್ನಾಟಕದಲ್ಲಿ ‘ಜೀವಸಾರ್ಥಕತೆ’ ಎಂಬ ಸರ್ಕಾರದ ಸಂಸ್ಥೆ ಇದನ್ನು ನೋಡಿಕೊಳ್ಳುತ್ತದೆ.

ನಾವು ಆ ತಾಯಿಗೆ ಹೇಳಿದೆವು: “ನೋಡವ್ವ, ಹೊಲ ಮಾರಬ್ಯಾಡ. ಸೂಜಿ ಬಿಡಿಸಬ್ಯಾಡ. ಸೂಜಿಯೊಳಗ ಇರೋದು ಮೇದೋಜೀರಕದ ರಸಾನೇ. 1922ಕ್ಕಿಂತ ಮೊದಲ ಇದು ಇರಲಿಲ್ಲ. ಆಗ ಇಂಥ ಮಕ್ಕಳು ಉಳೀತಿರಲಿಲ್ಲ.”

ಮಕ್ಕಳಿಗೆ ಬರುವ ಸಕ್ಕರೆ ಕಾಯಿಲೆ ಸಾಮಾನ್ಯವಾಗಿ ಒಂದನೆಯ ಬಗೆಯದು. ಇದರಲ್ಲಿ ಮೈಯ ಕಾವಲುಗಾರರೇ ದಾರಿ ತಪ್ಪಿ ತಮ್ಮದೇ ದ್ವೀಪಗಳನ್ನು ಕೊಲ್ಲುತ್ತಾರೆ. ಇನ್ಸುಲಿನ್ ತಯಾರಾಗುವುದೇ ನಿಲ್ಲುತ್ತದೆ. ಇದು ತಾಯಿಯ ತಪ್ಪಲ್ಲ. ಸಿಹಿ ತಿಂದದ್ದಕ್ಕೆ ಬಂದದ್ದಲ್ಲ. ದೇವರ ಶಾಪವೂ ಅಲ್ಲ. ಇನ್ಸುಲಿನ್ ಬಿಟ್ಟರೆ ಕೆಲವೇ ದಿನಗಳಲ್ಲಿ ಜೀವಕ್ಕೆ ಅಪಾಯ. ದೊಡ್ಡವರಲ್ಲಿ ಹೆಚ್ಚಾಗಿ ಕಾಣುವ ಸಕ್ಕರೆ ಕಾಯಿಲೆ ಎರಡನೆಯ ಬಗೆಯದು. ಅದರಲ್ಲಿ ಇನ್ಸುಲಿನ್ ಇದ್ದರೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಅದಕ್ಕೆ ಪಥ್ಯ, ನಡಿಗೆ, ಗುಳಿಗೆ ಇವೆ. ಕೆಲವರಿಗೆ ಇನ್ಸುಲಿನ್ ಕೂಡ ಬೇಕು.

ಓದು ಬಂದರೆ ಜೀವ ಉಳಿಯುತ್ತದೆ

ಆ ತಾಯಿ ಮೊದಲು ನೆರೆಮನೆಯ ಹುಡುಗನಿಂದ ಸೂಜಿಯ ಅಳತೆ ನೋಡಿಸುತ್ತಿದ್ದಳು. ಅವನು ಊರಲ್ಲಿ ಇಲ್ಲದ ದಿನ ಅಂದಾಜಿನಲ್ಲಿ ಹಾಕುತ್ತಿದ್ದಳು. ಇದು ಬಹಳ ಅಪಾಯ.

ಇನ್ಸುಲಿನ್ ಬಾಟಲಿಯ ಮೇಲೆ ಒಂದು ಅಂಕಿ ಇರುತ್ತದೆ. 40 ಅಥವಾ 100. ಸಿರಿಂಜಿನ ಮೇಲೂ ಅಂಕಿ ಇರುತ್ತದೆ. ಎರಡೂ ಒಂದೇ ಇರಬೇಕು. ಬಾಟಲಿ 40 ಆದರೆ ಸಿರಿಂಜೂ 40. ಬಾಟಲಿ 100 ಆದರೆ ಸಿರಿಂಜೂ 100. ತಪ್ಪಿದರೆ ಔಷಧ ಹೆಚ್ಚು ಕಡಿಮೆ ಆಗುತ್ತದೆ.

ಈಗ ಆ ತಾಯಿ ಅಂಕಿ ಕಲಿತಿದ್ದಾಳೆ. ಬಾಟಲಿ ತಾನೇ ಓದುತ್ತಾಳೆ. ಎಷ್ಟು ಹೊತ್ತಿಗೆ ಎಷ್ಟು ಚುಚ್ಚಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ. ಶಹಾಪುರದ ಆಸ್ಪತ್ರೆಗೆ ಹೋಗುವಾಗ ಆ ನೋಟ್‌ಬುಕ್ ಒಯ್ಯುತ್ತಾಳೆ. ಮೊನ್ನೆ ನಮಗೂ ತೋರಿಸಿದಳು. ಅಕ್ಷರ ಸೊಟ್ಟ. ಲೆಕ್ಕ ನೇರ.

ಹೊಲ ಹಾಗೇ ಇದೆ. ಮಗಳು ಶಾಲೆಗೆ ಬರುತ್ತಿದ್ದಾಳೆ.

ನೆನಪಿಡಿ

1. ಮಗುವಿಗೆ ವಿಪರೀತ ಬಾಯಾರಿಕೆ, ಮೇಲಿಂದ ಮೇಲೆ ಮೂತ್ರ, ಉಂಡರೂ ಸೊರಗುವುದು, ಸುಸ್ತು ಕಂಡರೆ ಕೂಡಲೇ ಆಸ್ಪತ್ರೆಯಲ್ಲಿ ಸಕ್ಕರೆ ಪರೀಕ್ಷೆ ಮಾಡಿಸಿ.

2. ವಾಂತಿ, ಹೊಟ್ಟೆನೋವು, ಜೋರು ಉಸಿರು, ಮಂಪರು ಇದ್ದರೆ ಒಂದು ಗಳಿಗೆಯೂ ತಡ ಮಾಡಬೇಡಿ. ಆಸ್ಪತ್ರೆಗೆ ಓಡಿ.

3. ಡಾಕ್ಟರನ್ನು ಕೇಳದೆ ಇನ್ಸುಲಿನ್ ನಿಲ್ಲಿಸಬೇಡಿ. ತಾಯಿತ, ಬೇರು, ಕಷಾಯ ಇನ್ಸುಲಿನ್‌ನ ಕೆಲಸ ಮಾಡುವುದಿಲ್ಲ.

4. ಸೂಜಿ ಚುಚ್ಚಿಕೊಂಡ ಮಗು ಬೆವತು ನಡುಗಿದರೆ ಸಕ್ಕರೆ ಇಳಿದಿದೆ ಎಂದು ಅರ್ಥ. ಎಚ್ಚರ ಇದ್ದರೆ ಕೂಡಲೇ ಸಕ್ಕರೆ ಅಥವಾ ಬೆಲ್ಲ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ. ಆಸ್ಪತ್ರೆಗೆ ಒಯ್ಯಿರಿ.

5. ಇನ್ಸುಲಿನ್ ಬಿಸಿಲಿಗೆ ಕೆಡುತ್ತದೆ. ಫ್ರಿಜ್ ಇಲ್ಲದಿದ್ದರೆ ದೊಡ್ಡ ಮಣ್ಣಿನ ಗಡಿಗೆಯಲ್ಲಿ ಹಸಿ ಮರಳು ಹಾಕಿ. ಅದರೊಳಗೆ ಸಣ್ಣ ಗಡಿಗೆ ಇಡಿ. ಬಾಟಲಿಯನ್ನು ಡಬ್ಬಿಯಲ್ಲಿ ಹಾಕಿ ಸಣ್ಣ ಗಡಿಗೆಯೊಳಗೆ ಇಟ್ಟು ಮುಚ್ಚಿ. ನೆರಳಿನಲ್ಲಿ ಇಡಿ. ಮರಳು ಒಣಗಲು ಬಿಡಬೇಡಿ. ಫ್ರಿಜ್ ಇದ್ದರೂ ಬರ್ಫದ ಖಾನೆಯಲ್ಲಿ ಇಡಬೇಡಿ.

ಉತ್ತರ ಹೇಳಿ

1. ಮೇದೋಜೀರಕ ಗ್ರಂಥಿಯ ಎರಡು ಕೆಲಸ ಯಾವುವು?

2. ನಾಯಿಯ ಚರ್ಮದ ಕೆಳಗೆ ಕೂಡಿಸಿದ ತುಣುಕಿನಿಂದ ಏನು ತಿಳಿಯಿತು?

3. ಬೇರೆಯವರ ಅಂಗವನ್ನು ನಮ್ಮ ಮೈ ಯಾಕೆ ಒಪ್ಪುವುದಿಲ್ಲ?

4. ನಿಮ್ಮ ಊರಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುವ ಮಕ್ಕಳಿದ್ದಾರೆಯೇ? ಅವರ ಮನೆಯಲ್ಲಿ ಬಾಟಲಿಯ ಅಂಕಿ ಓದಬಲ್ಲವರು ಯಾರು? ಯಾರೂ ಇಲ್ಲದಿದ್ದರೆ ನೀವು ಏನು ಮಾಡುವಿರಿ? ಕೂಡಿ ಚರ್ಚೆ ಮಾಡಿ.